ಬಾಯಿ ತುಂಬ ಹೊಳೆನೀರು

ಹೊಳೆದಂಡೆಯ ಅಮ್ಮನ ಗುಡಿಯಲ್ಲಿ ಸಣ್ಣೀರಜ್ಜಿ ನಲವತ್ತು ವರ್ಷದಿಂದ ಹೇಳಿಕೆ ಹೇಳುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಮಣೆಯ ಮೇಲೆ ಕೂತರೆ ಅಮ್ಮ ಅವಳ ಮೈಮೇಲೆ ಬರುತ್ತಿದ್ದಳು. ಜನ ತಮ್ಮ ಕಷ್ಟ ಹೇಳಿ ಪರಿಹಾರ ಕೇಳುತ್ತಿದ್ದರು.

ಮಾರಕ್ಕ ಅವಳ ಶಿಷ್ಯೆ. ಯಾರಿಗೂ ಕೇಳದ ದನಿಗಳು ಅವಳ ಕಿವಿಗೆ ಕೇಳುತ್ತಿದ್ದವು. ಮದುವೆಯಾದ ಮೇಲೆ ಶುರುವಾಗಿದ್ದು ಅದು. ಅತ್ತೆ ಹುಚ್ಚಿಯೆಂದು ಹೊರಗೆ ಹಾಕಿದಳು. ಮಂತ್ರವಾದಿ ಬೇವಿನ ಕೋಲಿನಿಂದ ಹೊಡೆದ. ಹೊಡೆದವನಿಗೆ ಎಲ್ಲರೂ ಕೈ ಮುಗಿದರು. ಹೊಡೆಸಿಕೊಂಡವಳಿಗೆ ಒಂದು ಲೋಟ ನೀರು ಕೊಡುವುದು ಮಾತ್ರ ಯಾರಿಗೂ ತೋಚಲಿಲ್ಲ.

ಕೊಟ್ಟವಳು ಸಣ್ಣೀರಜ್ಜಿ.

"ಇವನ್ನ ಓಡ್ಸಕ್ಕಾಗಲ್ಲ ಕಣೇ," ಅಂದಿದ್ದಳು. "ನನಗೂ ಕೇಳಿಸ್ತವೆ. ಬಂದೋರಿಗೆಲ್ಲ ಮಣೆ ಹಾಕಬಾರದು, ಅಷ್ಟೆ. 'ಈಗಲ್ಲ, ಮಂಗಳವಾರ ಬಾ' ಅನ್ನು."

ಮಾರಕ್ಕ ಹಾಗೇ ಅಂದಳು. ಒಂದೆರಡು ತಿಂಗಳು ದನಿಗಳು ಅವಳ ಮಾತು ಕೇಳಲಿಲ್ಲ, ಆಮೇಲೆ ಕಾಯುವುದನ್ನು ಕಲಿತವು.

ಇನ್ನೊಂದು ಕಟ್ಟಳೆಯಿತ್ತು. ಮಣೆಯ ಮೇಲೆ ಕೂತು ಕಷ್ಟ ಕೇಳಿದ ಕೂಡಲೇ ಬಾಯಿ ತುಂಬ ಹೊಳೆನೀರು ಹಿಡಿಯಬೇಕು. ದನಿ ಹೇಳುವುದನ್ನೆಲ್ಲ ಹೇಳಿ ಸುಮ್ಮನಾಗಬೇಕು. ಆಮೇಲೆ ನೀರು ನುಂಗಿ ಬಾಯಿ ತೆರೆಯಬೇಕು.

"ಅಮ್ಮನಿಗೆ ಅವಸರ ಇಲ್ಲ," ಅನ್ನುತ್ತಿದ್ದಳು ಅಜ್ಜಿ. "ಕಾಯಕ್ಕಾಗದೆ ಕೂಗಾಡೋಳು ಅಮ್ಮ ಅಲ್ಲ."

ಮೂರು ವರ್ಷ ಕಳೆಯಿತು. ಒಂದು ಮಂಗಳವಾರ ಅಜ್ಜಿಗೆ ಜ್ವರ. ಮೊದಲ ಸಲ ಮಾರಕ್ಕ ಒಬ್ಬಳೇ ಮಣೆಯ ಮೇಲೆ ಕೂತಳು.

ಆಚೆ ಹಟ್ಟಿಯ ಕರಿಯಮ್ಮ ಬಂದಳು. "ಎರಡು ಎಮ್ಮೆ ಸತ್ವು ತಾಯಿ. ಮಗ ಹಾಸಿಗೆ ಹಿಡಿದವ್ನೆ. ಯಾಕೆ ಹಿಂಗೆ?"

ಅವಳ ಹಿಂದೆ ಸೊಸೆ ಹಾಲಮ್ಮ ತಲೆ ತಗ್ಗಿಸಿ ನಿಂತಿದ್ದಳು. ಮದುವೆಯಾಗಿ ಆರು ತಿಂಗಳು.

ಮಾರಕ್ಕ ಬಾಯಿಗೆ ನೀರು ಹಾಕಿಕೊಂಡಳು. ದನಿ ನುಗ್ಗಿ ಬಂತು. 'ಇವಳೇ! ಹೊಸಬಳೇ! ಹೊರಗೆ ಹಾಕಿ!'

ಕಾಯಬೇಕಿತ್ತು. ಆದರೆ ಅಷ್ಟು ಜನ ತನ್ನನ್ನೇ ನೋಡುತ್ತಿದ್ದರು. ಮಾರಕ್ಕ ನೀರು ಉಗಿದು, ಕೇಳಿದ್ದನ್ನು ಕೇಳಿದ ಹಾಗೇ ಕೂಗಿಬಿಟ್ಟಳು. ಜನ ಅಡ್ಡಬಿದ್ದರು. ಹುಚ್ಚಿ ಅನ್ನಿಸಿಕೊಂಡಿದ್ದವಳ ಮೈ ಜುಮ್ಮೆಂದಿತು.

ಮಧ್ಯಾಹ್ನಕ್ಕೆ ಹಾಲಮ್ಮ ಬಟ್ಟೆಗಂಟು ಹಿಡಿದು ಹೊಳೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ತವರಲ್ಲಿ ಅವಳಿಗೆ ಯಾರೂ ಇರಲಿಲ್ಲ.

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹುಡುಗಿಯನ್ನು ನೋಡಿದಳು, ಶಿಷ್ಯೆಯನ್ನು ನೋಡಿದಳು.

"ನೀರು ಎಷ್ಟು ಹೊತ್ತು ಹಿಡಿದಿದ್ದೆ?"

ಮಾರಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಮೂರು ವರ್ಷ ಹಿಡಿದಿದೀನಿ! ಜನ ನನಗೆ ಅಡ್ಡಬಿದ್ರು ಅಂತ ನಿನಗೆ ಹೊಟ್ಟೆಕಿಚ್ಚು. ಹೇಳಿದ್ದು ನಾನಲ್ಲ, ಅಮ್ಮ!"

"ಬಾಯಿ ಯಾರ್ದು?"



ಅಜ್ಜಿ ಚೊಂಬನ್ನು ಅವಳ ಕೈಗೆ ತುರುಕಿದಳು. "ಬಾಯಿ ತುಂಬ್ಕೋ. ಈ ಹುಡುಗೀನ ಕರ್ಕಂಡು ನಡಿ. ಕರಿಯಮ್ಮನ ಬಾಗಿಲು ಮುಟ್ಟೋವರೆಗೂ ನುಂಗಬೇಡ, ಉಗೀಬೇಡ."

ಅರ್ಧ ಗಂಟೆಯ ದಾರಿ, ನೆತ್ತಿ ಸುಡುವ ಬಿಸಿಲು. ದನಿ ಹೆಜ್ಜೆಹೆಜ್ಜೆಗೂ ಅಬ್ಬರಿಸಿತು. 'ಉಗಿ! ನಾನು ದೇವಿ! ನನ್ನ ಬಾಯಿ ಕಟ್ಟುತ್ತೀಯಾ?'

ಮಾರಕ್ಕನ ದವಡೆ ನೋಯುತ್ತಿತ್ತು. ನೀರು ಬಿಡಲಿಲ್ಲ.

ಹುಣಸೆಮರ ದಾಟುವಾಗ ದನಿಗೆ ದೇವಿಯ ಮಾತು ಮುಗಿದುಹೋಯಿತು. ಅಡುಗೆಮನೆಯ ಬೈಗುಳ ಶುರುವಾಯಿತು. 'ಕಾಲಿಟ್ಟ ಮನೆ ಹಾಳು ಮಾಡೋಳೇ! ಉಂಡ ತಟ್ಟೆ ತೊಳೆಯೋಕೆ ಬರದೋಳೇ! ಹೊರಗೆ ಹಾಕಿ ಇವಳನ್ನ!'

ಮಾರಕ್ಕ ನಿಂತುಬಿಟ್ಟಳು. ಇದೇ ಮಾತು, ಇದೇ ಗಂಟಲು. ಹೊಸಿಲ ಮೇಲೆ ನಿಂತು ಅತ್ತೆ ತನ್ನನ್ನು ಬೈದದ್ದು ಹೀಗೇ. ಸತ್ತು ಎರಡು ವರ್ಷವಾದರೂ ಆ ಹೆಂಗಸಿನ ನಾಲಿಗೆ ತಣ್ಣಗಾಗಿರಲಿಲ್ಲ.

ಹಾಲಮ್ಮ ಅವಳ ಮುಖ ನೋಡಿದಳು. ಮಾರಕ್ಕನ ಕಣ್ಣಲ್ಲೂ ನೀರಿತ್ತು.

ಕರಿಯಮ್ಮನ ಬಾಗಿಲು ಮುಟ್ಟಿ ನೀರು ನುಂಗಿದಳು. "ಬೆಳಿಗ್ಗೆ ಮಾತಾಡಿದ್ದು ಅಮ್ಮ ಅಲ್ಲ ಕರಿಯಮ್ಮ, ನಮ್ಮತ್ತೆ. ತಪ್ಪು ನಂದು. ಸೊಸೇನ ಒಳಗೆ ಕರ್ಕೋ."

"ಬೆಳಿಗ್ಗೆ ಮಾತಾಡಿದ್ದು ದೇವರು," ಅಂದಳು ಕರಿಯಮ್ಮ. "ಈಗ ಮಾತಾಡ್ತಿರೋಳು ನೀನು. ನಿನ್ನ ಮಾತು ಯಾರಿಗೆ ಬೇಕು?"

ಬಾಗಿಲು ಹಾಕಿಕೊಂಡಳು. ಒಳಗೆ ಹಾಲಮ್ಮನ ಗಂಡ ಕೆಮ್ಮಿದ. ಕೆಮ್ಮುವಷ್ಟು ಉಸಿರಿದ್ದವನಿಗೆ ಹೆಂಡತಿಯ ಹೆಸರು ಕೂಗುವಷ್ಟು ಉಸಿರಿರಲಿಲ್ಲವೇ?

ಇಬ್ಬರೂ ಗುಡಿಗೆ ಮರಳಿದರು. ಮಾರಕ್ಕ ಅಜ್ಜಿಯ ಮುಂದೆ ಕುಸಿದಳು.

"ಸೇರಿಸಲಿಲ್ಲ ಅಜ್ಜಿ! ನನ್ನ ಬಾಯಿಗೆ ಬೆಂಕಿ ಬೀಳ! ನಮ್ಮತ್ತೆ ಇನ್ನೂ ಕೂಗ್ತಾನೇ ಅವಳೆ. ಅವಳನ್ನ ನನ್ನಿಂದ ಹೊರಗೆ ಹಾಕು. ಈಗಲೇ ಹಾಕು!"

ಅಜ್ಜಿ ಒಲೆಯ ಕಡೆ ಕೈ ತೋರಿಸಿದಳು. "ಹೊರಗೆ ಹಾಕೋದು ಅವಳು ಕಲಿಸಿದ ಪಾಠ. ಮೂಲೇಲಿ ಕೂತ್ಕಂಡು ಕೂಗ್ಲಿ ಬಿಡು, ಮಣೆ ಮಾತ್ರ ಕೊಡಬೇಡ. ಈಗ ಎದ್ದು ಹಾಲಮ್ಮಂಗೆ ಮುದ್ದೆ ಇಕ್ಕು, ಬೆಳಿಗ್ಗೆಯಿಂದ ಹಸ್ಕೊಂಡವಳೆ."