ನಾಲ್ಕನೆಯ ಸಿಲಿಂಡರು

ಶಿಷ್ಯ ಮರುಳಸಿದ್ಧ ಗುರುಗಳನ್ನು ಕೇಳಿದ: "ಸ್ವಾಮಿ, ನನ್ನ ಸಿಟ್ಟಿನ ಮೇಲೆ ದಿನವಿಡೀ ಕಣ್ಣಿಟ್ಟಿದ್ದೇನೆ. ಒಂದು ಗಳಿಗೆಯೂ ಮೈಮರೆತಿಲ್ಲ. ಆದರೂ ಒಳಗಿನ ತಳಮಳ ನಿಂತಿಲ್ಲ. ಏಕೆ?"

ಗುರುಗಳು ಹೇಳಿದರು:

ಒಂದು ಜಲಾಂತರ್ಗಾಮಿಯಲ್ಲಿ ಒಬ್ಬ ತಂತ್ರಜ್ಞನಿದ್ದ. ಗಾಳಿಯನ್ನು ಒತ್ತಿ ತುಂಬಿದ ಉಕ್ಕಿನ ಸಿಲಿಂಡರುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ನೌಕೆ ಮೇಲೇಳಬೇಕಾದರೆ ಆ ಗಾಳಿಯೇ ತೊಟ್ಟಿಗಳ ನೀರನ್ನು ಹೊರಗೆ ತಳ್ಳಬೇಕು. ನೀರಿನಡಿಯಲ್ಲಿ ಒಂದು ಸಿಲಿಂಡರು ಸಿಡಿದರೂ ಯಾರೂ ಮನೆಗೆ ಮರಳುವುದಿಲ್ಲ.

ಒಮ್ಮೆ ಮೂರನೆಯ ಸಿಲಿಂಡರಿನ ಒಳಗೋಡೆಯಲ್ಲಿ ಬಿರುಕೊಂದು ಪತ್ತೆಯಾಯಿತು. ಆಳ ಎರಡು ಮಿಲಿಮೀಟರು. ಅಪಾಯ ಇನ್ನೂ ದೂರವಿತ್ತು. ಆದರೆ ಗಾಳಿ ತುಂಬಿ ಖಾಲಿ ಮಾಡಿದ ಪ್ರತಿ ಸಲವೂ ಬಿರುಕು ಇಷ್ಟಿಷ್ಟೇ ಬೆಳೆಯುತ್ತದೆಂದು ಅವನು ಬಲ್ಲ. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಶಬ್ದತರಂಗದ ಉಪಕರಣ ಹಿಡಿದು ಬೆಳಿಗ್ಗೆ ಅಳೆದ, ಸಂಜೆ ಅಳೆದ. ತಟ್ಟೆ ಬಿಟ್ಟು ಎದ್ದು ಹೋಗಿ ಅಳೆದ.

ಕಡೆಗೆ ಕ್ಯಾಪ್ಟನ್ ಬಳಿ ಹೋಗಿ, "ಮೂರನೆಯದನ್ನು ಆದಷ್ಟು ಕಡಿಮೆ ಬಳಸೋಣ, ಸರ್" ಎಂದ.

"ಅದರ ಕೆಲಸ ಯಾವುದು ಮಾಡುತ್ತದೆ?"

"ಪಕ್ಕದ ನಾಲ್ಕನೆಯದು. ಅದರಲ್ಲಿ ಏನೂ ದೋಷವಿಲ್ಲ."

ಕ್ಯಾಪ್ಟನ್ ಒಪ್ಪಿದರು. ಎರಡರ ಹೊರೆಯೂ ನಾಲ್ಕನೆಯದರ ಮೇಲೆ ಬಿತ್ತು.

ವರ್ಷ ಕಳೆಯಿತು. ಮೂರನೆಯದರ ಬಿರುಕು ಬೆಳೆಯಲಿಲ್ಲ. ಅವನ ಚಡಪಡಿಕೆ ಮಾತ್ರ ಬೆಳೆಯಿತು. ಅವನಿಗೆ ವರ್ಗವಾಯಿತು. ನೌಕೆ ಹೊರಡಲು ಮೂರು ತಾಸು ಇರುವಾಗ, ಅವನ ಜಾಗಕ್ಕೆ ಬಂದವನು ತಪಾಸಣೆಯ ಪುಸ್ತಕ ತಿರುವಿದ. ಪುಟಪುಟದಲ್ಲೂ ಮೂರನೆಯದೇ ಇತ್ತು.

"ನಾಲ್ಕನೆಯದನ್ನು ನೋಡಿದ್ದು ಯಾವಾಗ?"

ಹಳೆಯ ತಂತ್ರಜ್ಞನಿಗೆ ನೆನಪಾಗಲಿಲ್ಲ. ಓಡಿ ಹೋಗಿ ಉಪಕರಣ ಹಚ್ಚಿದ. ಬಿರುಕು ಗೋಡೆಯ ಮುಕ್ಕಾಲು ಭಾಗ ದಾಟಿತ್ತು.

ಅಂದು ನೌಕೆ ಹೊರಡಲಿಲ್ಲ. ನಾಲ್ಕನೆಯದರ ಗಾಳಿಯನ್ನು ಮೆಲ್ಲಗೆ ಬಿಟ್ಟು ಖಾಲಿ ಮಾಡಿದರು. ಸಿಲಿಂಡರಿನ ಕೊನೆಯ ಉಸಿರು ಹೊರಬೀಳುವವರೆಗೂ ಅವನು ಅಲ್ಲೇ ಕೂತಿದ್ದ. ಇಕ್ಕಟ್ಟಾದ ಆ ಜಾಗದಲ್ಲಿ ವರ್ಷವಿಡೀ ನಾಲ್ಕನೆಯದಕ್ಕೇ ಬೆನ್ನು ಕೊಟ್ಟು ಅವನು ಮೂರನೆಯದನ್ನು ಅಳೆದಿದ್ದ.

ಗುರುಗಳು ಮಾತು ನಿಲ್ಲಿಸಿದರು.

"ಹಾಗಾದರೆ ಸಿಟ್ಟನ್ನು ಕಾಯುವುದು ತಪ್ಪೇ, ಸ್ವಾಮಿ?" ಎಂದ ಮರುಳಸಿದ್ಧ.

"ಸಿಟ್ಟು ಹಾಗಿರಲಿ, ನೀನು ಬೆನ್ನು ಕೊಟ್ಟು ಕೂತಿರುವುದು ಯಾವುದಕ್ಕೆ?"