ಮೂಕಪ್ಪನ ಕೈ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿಯ ಸ್ವಾಮಿಗಳ ಹೆಸರು ನಿರಂಜನಯ್ಯ. ಹೆಸರು ಹಿಡಿದು ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಊರಿಗೆಲ್ಲ ಅವರು ಅಜ್ಜಾರು.

ಅವರ ಶಿಷ್ಯ ಮುರಿಗೆಪ್ಪ. ಶ್ರಾವಣ ಬಂತೆಂದರೆ ದಿನಾ ಸಂಜೆ ಪುರಾಣ ಓದುವವನು ಅವನೇ. ಅವನ ದನಿ ಕೇಳಿದರೆ ದನ ಹೊಡೆದುಕೊಂಡು ಹೊರಟವನೂ ನಿಂತು ಬಿಡುತ್ತಿದ್ದ. ಓದು ಬಿಟ್ಟರೆ ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ, ಬೇರೆ ಸುಖವೂ ಗೊತ್ತಿರಲಿಲ್ಲ.

ಆ ವರ್ಷ ಶ್ರಾವಣಕ್ಕೆಂದು ಮಠಕ್ಕೆ ಸುಣ್ಣ ಬಳಿಯುತ್ತಿದ್ದರು. ನೀರು ಹಾಕಿದ ಸುಣ್ಣ ಗಡಿಗೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಮುರಿಗೆಪ್ಪ ಬಗ್ಗಿ ನೋಡಿದ. ನೋಡಬಾರದಿತ್ತು. ಚಟ್ಟನೆ ಸಿಡಿದದ್ದು ಎರಡೂ ಕಣ್ಣಿಗೆ ಬಿತ್ತು.

ಕಣ್ಣಿನ ವೈದ್ಯರು ಬಂದರು, ತೊಳೆದರು, ಔಷಧ ಹಾಕಿ ಬಟ್ಟೆ ಕಟ್ಟಿದರು.

“ಇಪ್ಪತ್ತೊಂದು ದಿನಾ ಈ ಪಟ್ಟಿ ಬಿಚ್ಚಬ್ಯಾಡ್ರಿ. ನಡುವ ಬೆಳಕು ತಾಗಿತು ಅಂದ್ರ ಮುಗೀತು.”

“ಆಮ್ಯಾಲೆ ಕಾಣತೈತೇನ್ರಿ?” ಮುರಿಗೆಪ್ಪ ಕೇಳಿದ.

“ಬಿಚ್ಚಿದ ಮ್ಯಾಲೆ ನೋಡೋಣು,” ಎಂದು ವೈದ್ಯರು ಚೀಲ ಎತ್ತಿಕೊಂಡರು.

ಅವರು ಹೋದ ಮೇಲೆ ಮುರಿಗೆಪ್ಪ ಅಜ್ಜಾರ ಕಡೆ ತಿರುಗಿದ. ತಿರುಗಿದ್ದೇನೋ ಕಂಬದ ಕಡೆ. ಅಜ್ಜಾರು ಇತ್ತ ಕೂತಿದ್ದರು.

“ಅಜ್ಜಾರ, ನೀವರೆ ಹೇಳ್ರಿ. ಕಣ್ಣು ಬರ್ತಾವೋ ಇಲ್ಲೋ?”

“ನನಗೇನು ಗೊತ್ತೋ ತಮ್ಮಾ.”

“ನಿಮಗೂ ಗೊತ್ತಿಲ್ಲಂದ್ರ ನಾ ಏನು ಮಾಡ್ಲಿರಿ?”

“ಕೂಡು.”

“ಕೂತು?”

“ರೊಟ್ಟಿ ಕೊಟ್ರ ತಿನ್ನು. ನಿದ್ದಿ ಬಂದ್ರ ಮಲಗು.”

“ಇಷ್ಟೇನ್ರಿ?”

“ಇದಽ ಭಾಳ ಕಷ್ಟ ಐತಿ. ಮಾಡಿ ನೋಡು.”

ಮರುದಿನದಿಂದ ಅಜ್ಜಾರಿಗೆ ಮೌನಾನುಷ್ಠಾನ. ಪ್ರತಿ ಶ್ರಾವಣದಲ್ಲೂ ಇಪ್ಪತ್ತೊಂದು ದಿನ ಅವರು ಬಾಯಿ ಬಿಡುತ್ತಿರಲಿಲ್ಲ, ಕಾಲಿಗೆ ಹಾವುಗೆ ಮೆಟ್ಟುತ್ತಿರಲಿಲ್ಲ, ಒಳಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಇದು ಮುರಿಗೆಪ್ಪನಿಗೂ ಗೊತ್ತು, ಊರಿಗೂ ಗೊತ್ತು.

ಮೊದಲ ದಿನ ಹೊತ್ತೇರುವಾಗ ಯಾರೋ ಸದ್ದಿಲ್ಲದೆ ಬಂದು ಮುರಿಗೆಪ್ಪನ ಮುಂದೆ ಕೂತರು. ಜೋಳದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಅವನ ಕೈಗಿಟ್ಟರು.

“ಯಾರದು?”

ಉತ್ತರವಿಲ್ಲ.

“ನಿನಗಽ ಕೇಳಿದ್ದೋ. ಬಾಯಿಲ್ಲೇನು?”

ಇನ್ನೊಂದು ತುತ್ತು ಬಂತು, ಮಾತು ಬರಲಿಲ್ಲ.

“ಓಹೋ, ಮೂಕ ಇದ್ದಿ! ಶ್ರಾವಣದ ಕೆಲಸಕ್ಕ ಹೊಸಬನ್ನ ಇಟ್ಕೊಂಡಾರ ಕಾಣಸ್ತದ. ಇರ್ಲಿ ಬಿಡು. ನಿನ್ನ ಮೂಕಪ್ಪ ಅಂತ ಕರೀತೀನಿ, ಸಿಟ್ಟಾಗಬ್ಯಾಡ.”

ಅಡುಗೆಯ ಗಂಗವ್ವ ಬಾಗಿಲಲ್ಲೇ ಕಲ್ಲಾಗಿ ನಿಂತಳು. ರೊಟ್ಟಿ ಮುರಿಯುತ್ತಿದ್ದವರು ಸಾಕ್ಷಾತ್ ಅಜ್ಜಾರು! ಅವಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಾರು ತುಟಿಯ ಮೇಲೆ ಬೆರಳಿಟ್ಟರು.

ಅಲ್ಲಾ, ಕೈ ಮುಟ್ಟಿದಾಗ ಅವನಿಗೆ ತಿಳಿಯಬಾರದಿತ್ತೇ ಎಂದು ನೀವು ಕೇಳಬಹುದು. ಹೇಗೆ ತಿಳಿದೀತು ಹೇಳಿ? ಹನ್ನೊಂದು ವರ್ಷ ದಿನಾ ಅಜ್ಜಾರ ಪಾದ ಮುಟ್ಟಿದ್ದ. ಕೈ ಒಮ್ಮೆಯೂ ಮುಟ್ಟಿರಲಿಲ್ಲ. ಶಿಷ್ಯ ಗುರುವಿನ ಕೈ ಹಿಡಿಯುವ ಪದ್ಧತಿ ಆ ಮಠದಲ್ಲಿ ಇರಲೇ ಇಲ್ಲ.

“ಮೂಕಪ್ಪಾ, ಬದನಿಕಾಯಿಗೆ ಉಪ್ಪಿಲ್ಲೋ.”

ಉಪ್ಪು ಬಂತು.

“ಮೂಕಪ್ಪಾ, ಹೊಳಿಗೆ ಹೋಗಿ ಜಳಕ ಮಾಡೋಣು ನಡಿ.”

ಮೂಕಪ್ಪ ಕೈ ಹಿಡಿದು ಮೆಟ್ಟಿಲು ಇಳಿಸಿದ, ಬೆನ್ನು ತಿಕ್ಕಿದ, ಪಟ್ಟಿಗೆ ನೀರು ತಾಗದ ಹಾಗೆ ಅಂಗೈ ಅಡ್ಡ ಹಿಡಿದ.

“ಮೂಕಪ್ಪಾ, ಕೂತು ಕೂತು ಕಾಲು ಜೋಮು ಹಿಡದಾವು. ಒಂದೀಟು ಒತ್ತೋ.”

ಗಂಗವ್ವನ ಕೈಯಲ್ಲಿದ್ದ ಚರಿಗೆ ಠಣ್ಣೆಂದು ನೆಲಕ್ಕೆ ಬಿತ್ತು. ಅಜ್ಜಾರು ಚಕ್ಕಳಮಕ್ಕಳ ಹಾಕಿ ಕೂತು ಕಾಲು ಒತ್ತತೊಡಗಿದರು.

“ಶಿವಶಿವಾ, ಏನು ಕಾಲ ಬಂತವ್ವಾ!” ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ಸಂಜೆಯಾದರೆ ಅಂಗಳದಲ್ಲಿ ಪುರಾಣ. ಈ ಸಲ ಓದುವವನು ಗೌಡರ ಅಳಿಯ. ಎರಡು ಸಾಲಿಗೊಮ್ಮೆ ಎಡವುತ್ತಿದ್ದ.

“ಕೇಳಿದೇನೋ ಮೂಕಪ್ಪಾ? ಎತ್ತು ಏರಿಗಿ ಎಳದ್ರ ಕೋಣ ನೀರಿಗಿ ಎಳೀತು ಅನ್ನಾಂಗ, ರಾಗ ಒಂದು ಕಡಿ, ಅರ್ಥ ಒಂದು ಕಡಿ!”

ಹೀಗೆ ನಕ್ಕವನು ಆಮೇಲೆ ಕಣ್ಣಿನ ಪಟ್ಟಿಯ ಮೇಲೆ ಬೆರಳಾಡಿಸಿದ.

“ನನಗ ಕಣ್ಣು ಬರಲಿಲ್ಲಂದ್ರ ಮುಂದಿನ ಶ್ರಾವಣಕ್ಕೂ ಅವನಽ ಓದಾಂವ. ನಾ ಇದಽ ಮೂಲ್ಯಾಗ ಕೂತು ಕೇಳಾಂವ. ಅಂಜಿಕಿ ಬರ್ತದೋ.”

ಮೂಕಪ್ಪ ಅವನ ಬೆನ್ನ ಮೇಲೆ ಕೈಯಿಟ್ಟ.

“ಒಂದು ಮಾತು ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ. ನೀ ಹೆಂಗ ಆಡ್ತಿ ಬಿಡು! ಹನ್ನೊಂದು ವರ್ಷ ಅಜ್ಜಾರ ಸೇವಾ ಮಾಡೇನಿ. ಮೌನ ಇರ್ಲಿ, ಬ್ಯಾಡ ಅನ್ನಾಂಗಿಲ್ಲ. ಒಂದು ಸರ್ತಿ ಬಾಗಲಿಗೆ ಬಂದು ಕೆಮ್ಮಬಾರದೇನು? ಇದ್ದಾನೋ ಸತ್ತಾನೋ ನೋಡಬಾರದೇನು? ಶಿವಾನೂ ಅಷ್ಟಽ. ದಿನಾ ಕರೀತೀನಿ. ಹೂಂ ಅನ್ನಾಂಗಿಲ್ಲ, ಉಹೂಂ ಅನ್ನಾಂಗಿಲ್ಲ. ಅವರಿಬ್ಬರಕಿಂತಾ ನೀನಽ ಪಾಡ.”

ಬೆನ್ನ ಮೇಲಿನ ಕೈ ಕದಲಲಿಲ್ಲ.

ಹದಿನೇಳನೆಯ ದಿನ ಮಧ್ಯಾಹ್ನ ಮುರಿಗೆಪ್ಪನ ತಾಳ್ಮೆ ಮುಗಿಯಿತು. ಪಟ್ಟಿಯೊಳಗೆ ಒಂದೇ ಸಮ ತುರಿಕೆ. ಅದಕ್ಕಿಂತ ಹೆಚ್ಚಿನ ತುರಿಕೆ ಮನಸ್ಸಿನದು.

“ಸಾಕಪ್ಪಾ ಸಾಕು. ಹೋಗಿದ್ರ ಹೋಗ್ಲಿ. ಗೊತ್ತರೆ ಆಗ್ತದ,” ಎಂದವನೇ ಗಂಟಿಗೆ ಕೈ ಹಾಕಿದ.

ಮೂಕಪ್ಪ ಆ ಕೈ ಹಿಡಿದ.

“ಬಿಡೋ!”

ಬಿಡಲಿಲ್ಲ.

“ಕಣ್ಣು ನನ್ನವು. ನಿನ್ನ ಗಂಟೇನು ಹೋಗ್ತದೋ?”

ಮುರಿಗೆಪ್ಪ ಕೊಸರಿದ, ದಬ್ಬಿದ, ಬೈಯಬಾರದ್ದೆಲ್ಲ ಬೈದ. ಕೈ ಸಡಿಲಾಗಲಿಲ್ಲ. ಕೊನೆಗೆ ದಣಿದು ಆ ಹೆಗಲ ಮೇಲೆ ತಲೆಯಿಟ್ಟು ಸಣ್ಣ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಂಗಳದಲ್ಲಿ ಪುರಾಣ ಮುಗಿದು ಜನ ಮನೆಗೆ ಹೋಗುವವರೆಗೂ ಮೂಕಪ್ಪ ಕೈ ಹಿಡಿದೇ ಕೂತಿದ್ದ.

ಆಮೇಲೆ ಮುರಿಗೆಪ್ಪ ಪಟ್ಟಿಯ ತಂಟೆಗೆ ಹೋಗಲಿಲ್ಲ. ಅಂಜಿಕೆ ಹೋಯಿತೇ? ಎಲ್ಲಿಯದು! ಅಂಜಿಕೆ ಬಂದಾಗ “ಮೂಕಪ್ಪಾ” ಅನ್ನುತ್ತಿದ್ದ. ಕೈ ಬರುತ್ತಿತ್ತು. ಅಷ್ಟರಲ್ಲೇ ಅವನು ನಾಲ್ಕು ದಿನ ದಾಟಿದ.

ಇಪ್ಪತ್ತೊಂದು ತುಂಬಿತು. ವೈದ್ಯರು ಬಂದು ಪಟ್ಟಿ ಬಿಚ್ಚಿದರು. ಊರಿಗೆ ಊರೇ ಅಂಗಳದಲ್ಲಿ ಉಸಿರು ಹಿಡಿದು ನಿಂತಿತ್ತು.

ಮೊದಲು ಬರೀ ಬೆಳ್ಳಗೆ ಕಂಡಿತು. ಆಮೇಲೆ ಕಂಬ ಕಂಡಿತು. ಆಮೇಲೆ ಗಂಗವ್ವನ ಹಸಿರು ಸೀರೆ. ಬಲಗಣ್ಣಿಗೆ ಎಲ್ಲವೂ ಹೊಗೆ ಹೊಗೆ, ಎಡಗಣ್ಣಿಗೆ ಚೊಕ್ಕ. ವೈದ್ಯರು ಪುರಾಣದ ಪುಸ್ತಕ ಹಿಡಿದರು. ಮುರಿಗೆಪ್ಪ ಒಂದು ಸಾಲು ಓದಿದ, ಎರಡು ಸಾಲು ಓದಿದ, ಮೂರನೆಯದನ್ನು ರಾಗ ಹಚ್ಚಿ ಓದಿದ.

“ಓದಾಕ ಒಂದು ಕಣ್ಣು ಸಾಕ್ರಿ!” ಎಂದು ಕುಣಿದಾಡಿದ.

“ಊರು ಉಳೀತು!” ಎಂದಳು ಗಂಗವ್ವ. ಎಲ್ಲರಿಗಿಂತ ಜೋರಾಗಿ ನಕ್ಕವನು ಗೌಡರ ಅಳಿಯನೇ.

“ಮೂಕಪ್ಪ ಎಲ್ಲಿ?” ಮುರಿಗೆಪ್ಪ ಸುತ್ತಲೂ ನೋಡಿದ. “ಅವನ ಮಾರಿ ನೋಡಬೇಕು ನಾ.”

ಗಂಗವ್ವ ಜನರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

“ಹೇಳಬ್ಯಾಡ್ರಿ ಹಂಗಾರ. ಆ ಕೈ ನನಗ ಗೊತ್ತೈತಿ. ನಾನಽ ಹುಡುಕ್ತೀನಿ.”

ಸಿಕ್ಕ ಕಣ್ಣನ್ನು ಮತ್ತೆ ಮುಚ್ಚಿಕೊಂಡು ಸಾಲಾಗಿ ನಿಂತವರ ಕೈ ಮುಟ್ಟುತ್ತ ಹೋದ. ವೈದ್ಯರ ಕೈ. ಇದಲ್ಲ. ಗೌಡರ ಕೈ. ಇದು ಮೆತ್ತಗೈತಿ, ಇದಲ್ಲ. ಅಳಿಯನ ಕೈ. ಇದಂತೂ ಅಲ್ಲ ಬಿಡ್ರಿ. ಮುಂದಿನ ಕೈ ಮುಟ್ಟಿದವನೇ ಎರಡೂ ಕೈಯಲ್ಲಿ ಅದನ್ನು ಎದೆಗೆ ಎಳೆದುಕೊಂಡ.

“ಇವನಽ! ಇವನಽ ನಮ್ಮ ಮೂಕಪ್ಪ!”

ಕಣ್ಣು ತೆರೆದ.

ಒಳಕೋಣೆಯಿಂದ ಯಾವಾಗ ಬಂದಿದ್ದರೋ, ಅಜ್ಜಾರು ನಿಂತಿದ್ದರು.

ಮುರಿಗೆಪ್ಪ ಅವರ ಕಾಲಿಗೆ ದೊಪ್ಪನೆ ಬಿದ್ದ.

“ನಿಮ್ಮ ಕೈಲೆ ಕಾಲು ಒತ್ತಿಸಿಕೊಂಡೆ. ನಿಮ್ಮನ್ನ ದಬ್ಬಿದೆ. ಬಾಯಿಗೆ ಬಂದದ್ದು ಬೈದೆ. ಈ ಪಾಪ ಹೊತ್ಕೊಂಡು ಎಲ್ಲಿಗೆ ಹೋಗ್ಲಿರಿ ಅಜ್ಜಾರ?”

“ಎಲ್ಲಿಗೂ ಹೋಗಬ್ಯಾಡ. ಸಂಜೀಕ ಪುರಾಣ ಐತಿ.”

ಇಪ್ಪತ್ತೊಂದು ದಿನಗಳ ಮೇಲೆ ಅಜ್ಜಾರು ಆಡಿದ ಮೊದಲ ಮಾತು ಅದು.

“ಮತ್ತ ಬದನಿಕಾಯಿಗೆ ಉಪ್ಪಿಲ್ಲಂತ ನೀ ಹೇಳಿದ್ದು ಚಲೋ ಆತು,” ಎಂದರು. “ಮೌನದಾಗ ನನಗ ಹೇಳಾಕ ಬರ್ತಿದ್ದಿಲ್ಲ.”

ಗಂಗವ್ವ ನಾಚಿ ತಲೆ ತಗ್ಗಿಸಿದಳು. ಅಂಗಳವೆಲ್ಲ ನಗು. ಮುರಿಗೆಪ್ಪನೂ ಅಳುತ್ತಲೇ ನಕ್ಕ. ಕೈ ಮಾತ್ರ ಇನ್ನೂ ಹಿಡಿದೇ ಇದ್ದ, ಅಜ್ಜಾರೂ ಬಿಡಿಸಿಕೊಳ್ಳಲಿಲ್ಲ.

“ಅಜ್ಜಾರ, ನಾ ಪಟ್ಟಿ ಕೀಳಾಕ ಹೋದೆನಲ್ಲಾ, ಆವಾಗ ನಿಮಗ ಅಂಜಿಕಿ ಆಗ್ಲಿಲ್ಲೇನ್ರಿ?”

“ಆಗದ ಏನೋ? ಎದಿ ಡವಡವ ಅಂತಿತ್ತು. ‘ನನ್ನ ಕೂಸಿನ್ನ ಕಾಯೋ ಶಿವನಽ’ ಅಂತ ಒಳಗಿಂದೊಳಗಽ ಒದರಿಕೊಂಡೆ.”

“ಅದಕ್ಕ ಶಿವ ಏನಂದನ್ರಿ?”

ಅಜ್ಜಾರು ನಕ್ಕರು.

“ಅವನೂ ಮೌನದಾಗ ಇದ್ದ. ಕೈ ಮಾತ್ರ ಬಿಡಲಿಲ್ಲ.”