ಎರಡು ಇಯರ್‌ಫೋನುಗಳ ನಡುವೆ ಒಂದು ಜೋಗುಳ

ಒಂದು ಜೋಗುಳಕ್ಕೆ ತನ್ನ ಕಸುಬೇ ಮರೆತುಹೋಯಿತೇನೋ ಎಂಬ ದಿಗಿಲು ಹತ್ತಿತ್ತು. ಬೆಳಗಿನಿಂದ ಗಂಗಾಧರಯ್ಯನವರ ಕಿವಿಯಲ್ಲಿ ಹಾಡುತ್ತಿದ್ದರೂ ಅವರಿಗೆ ಒಂದು ಆಕಳಿಕೆಯೂ ಬಂದಿರಲಿಲ್ಲ. ಎರಡು ದುಬಾರಿ ಇಯರ್‌ಫೋನುಗಳಲ್ಲಿ ಯಾವುದರ ನಾದ ಮೇಲೆಂದು ಅವರು ಪರೀಕ್ಷಿಸುತ್ತಿದ್ದರು. ಮೊದಲ ಸಾಲು ಮುಗಿಯುವುದೇ ತಡ, ಹಾಡು ನಿಲ್ಲಿಸಿ, ಒಂದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿಕೊಂಡು ಮತ್ತೆ ಮೊದಲಿನಿಂದ ಹಾಕುತ್ತಿದ್ದರು.

"ಹಾಡುವವಳ ಬಳೆ ಗಾಜಿನದೆಂದು ತಿಳಿಯುವಂತೆ ಕೇಳಿಸಿದ್ದು ನಾನು," ಎಂದಿತು ಕಪ್ಪು ಇಯರ್‌ಫೋನು.

"ಅದರಲ್ಲೊಂದು ಬಳೆ ಬಿರುಕು ಬಿಟ್ಟಿದೆಯೆಂದು ತೋರಿಸಿಕೊಟ್ಟದ್ದು ನಾನು," ಎಂದಿತು ಬೆಳ್ಳಿ ಬಣ್ಣದ್ದು.

ಜೋಗುಳ ಅಂಗಲಾಚಿತು: "ಅಯ್ಯಾ, ಅದು ಮಗುವನ್ನು ತಟ್ಟುವ ಕೈಯ ಬಳೆ. ನನ್ನನ್ನು ಎರಡನೇ ಸಾಲಿಗಾದರೂ ಬಿಡಿ. ಹೀಗೆ ಹಿಡಿದು ಹಿಡಿದು ಹಿಂದಕ್ಕೆಳೆದರೆ ನಾನು ಯಾರನ್ನು ಮಲಗಿಸಲಿ?"

"ಮಲಗಿಸುವುದೇ? ಇಲ್ಲಿ ಪರೀಕ್ಷೆ ನಡೆಯುತ್ತಿದೆ," ಎಂದು ಎರಡೂ ಗದರಿದವು.

ಊಟ ಮುಗಿಸಿ ಬಂದ ಗಂಗಾಧರಯ್ಯನವರು ಬೆಳ್ಳಿಯದನ್ನು ಸಿಕ್ಕಿಸಿಕೊಂಡು ಒರಗಿ ಕುಳಿತರು. ಬಳೆಯ ಸದ್ದಿಗೆ ಕಾಯುತ್ತ ಕಾಯುತ್ತ ಹಾಡು ನಿಲ್ಲಿಸುವುದನ್ನೇ ಮರೆತರು. ಜೋಗುಳ ಅಂಜುತ್ತಲೇ ಎರಡನೇ ಸಾಲಿಗೆ ಕಾಲಿಟ್ಟಿತು. ಯಾರೂ ತಡೆಯಲಿಲ್ಲ. ಮೂರನೆಯದಕ್ಕೆ ಅವರ ತಲೆ ವಾಲಿತು, ಕೊನೆಯ ಸಾಲಿಗೆ ಗೊರಕೆ ಶುರುವಾಯಿತು.

"ಅವರು ನಿದ್ದೆ ಹೋದದ್ದು ನಿನ್ನ ಸರದಿಯಲ್ಲಿ. ನೀನು ಸೋತೆ," ಎಂದು ಕಪ್ಪು ಇಯರ್‌ಫೋನು ಮೇಜಿನ ಮೇಲಿನಿಂದ ಕೂಗಿತು.

"ಬೆಳಗಿನಿಂದ ನಿನ್ನನ್ನು ಕೇಳಿದ ಆಯಾಸ ಅದು," ಎಂದು ಬೆಳ್ಳಿಯದು ಕಿವಿಯೊಳಗಿನಿಂದಲೇ ಇನ್ನೂ ಜೋರಾಗಿ ಕೂಗಿತು.

ಜೋಗುಳ ದನಿ ತಗ್ಗಿಸಿತು. "ಯಾರಾದರೂ ಗೆಲ್ಲಿ," ಎಂದಿತು ಅದು, "ಮೆಲ್ಲಗೆ ಗೆಲ್ಲಿ. ಎದ್ದುಬಿಟ್ಟಾರು."